ಉಂಡ ತಟ್ಟೆ ತೊಳೆಯೋರು ಯಾರು?

ಅಕ್ಕದೀರು, ಅತ್ತಿಗೆದೀರು, ಚಿಕ್ಕವ್ವದೀರು, ನಮ್ಮ ಬೀದಿ ಹೆಣ್ಮಕ್ಕಳು ಎಲ್ರೂ ವಸಿ ಕೇಳಿ. ಈ ಸಲ ಅಡುಗೆ ವಿಚಾರ ಅಲ್ಲ, ಉಂಡಾದ ಮ್ಯಾಲಿನ ವಿಚಾರ. ಜಗಳದ ವಿಚಾರ ಅಂದ್ರೂ ಸರಿನೇ.

ಹೋದ ಭಾನುವಾರ ನಮ್ಮಟ್ಟಿ ಜಗುಲಿ ಮ್ಯಾಲೆ ಎಲ್ರೂ ಕುಂತಿದ್ರು. ಬರೋ ಕಾರ್ತೀಕದಲ್ಲಿ ಮಾದಪ್ಪನ ಪರ ಮಾಡ್ಬೇಕಲ್ಲ, ಅದರ ಲೆಕ್ಕಾಚಾರ. ನಮ್ಮ ಮೈದ ಪಟ್ಟಿ ಬರ್ಕಂಡು ಬಂದು ಓದ್ತಾ ಇದ್ದ. ಅಕ್ಕಿ ಇಷ್ಟು, ಬೇಳೆ ಇಷ್ಟು, ಬೆಲ್ಲ ಇಷ್ಟು. ಎಲ್ಲಾ ಆದ ಮ್ಯಾಲೆ ಕೊನೇಲಿ, ಪೇಪರ್ ತಟ್ಟೆ 300, ಪಾಯಸದ ಕಪ್ಪು 300, ಸಣ್ಣ ನೀರಿನ ಬಾಟ್ಲಿ 12 ಕೇಸು ಅಂದ.

ನಾನು ಅಂದೆ, "ಆ ಕೊನೇ ಮೂರು ಸಾಲ ಹೊಡ್ದಾಕಪ್ಪ. ಸ್ಟೀಲ್ ತಟ್ಟ, ಲೋಟ ಶಾಮಿಯಾನದೋರ ತಾವು ಬಾಡಿಗೆಗ ತರಾಣ. ಉಂಡೋರು ಅವರವ್ರ ತಟ್ಟ ಅವರವ್ರೇ ತೊಳ್ದು ಮಡಗ್ಲಿ. ಗಂಡಸ್ರೂ ಸೇರಿ."

ಒಂದು ಗಳಿಗೆ ಯಾರೂ ಮಾತಾಡ್ಲಿಲ್ಲ. ಆಮ್ಯಾಲೆ ಎಲ್ರೂ ನಕ್ರು. ಮೈದ, "ಅತ್ತಿಗೆಗ ಬೆಂಗ್ಳೂರ್ಲಿ ಕೊರಿಯಾ ಊಟ ಉಂಡ್ಕಂಡು ಬಂದಾಗ್ನಿಂದ ತಲ ಕೆಟ್ಟೋಗದ ಕನ" ಅಂದ. ನಮ್ಮ ದೊಡ್ಡ ಮಾವ್ನೋರು ನಗಲಿಲ್ಲ. "ಬಂದ ನೆಂಟ್ರ ಕೈಲಿ ಎಂಜಲ ತಟ್ಟ ತೊಳ್ಸಿದ್ರ ನಮ್ಮ ಮನತನದ ಮರ್ವಾದ ಏನಾದ್ದು? ಹಂಗೇನಾರ ಮಾಡದಾದ್ರ ನಾ ಬರಲ್ಲ" ಅಂದು ಎದ್ದೋದ್ರು. ಅವತ್ತಿಂದ ಇವತ್ತಿನವರೆಗೂ ನಮ್ಮನೆ ಹೊಸ್ಲು ತುಳಿದಿಲ್ಲ.

ಅದಕ್ಕೇ ಬರೀತಾ ಇದ್ದೀನಿ. ಬಾಯಲ್ಲಿ ಹೇಳಕ್ಕೋದ್ರೆ ಅರ್ಧಕ್ಕೇ ತಡೀತಾರೆ. ಬರೆದ್ರೆ ಪೂರ್ತಿ ಓದಲೇಬೇಕಲ್ಲ.

ಮೊದ್ಲು ಆ ಕೊರಿಯಾ ಊಟದ ಕತೆ ಹೇಳ್ಬುಡ್ತೀನಿ. ಬದನಗುಪ್ಪೇಲಿ ಅದು ಆಗಲೇ ರೆಕ್ಕೆಪುಕ್ಕ ಕಟ್ಕಂಡು ಹಾರಾಡ್ತಾ ಅದೆ. ನಾನು ಹಾವು ತಿಂದೆ ಅಂತ ಒಬ್ರು, ಕಪ್ಪೆ ತಿಂದೆ ಅಂತ ಇನ್ನೊಬ್ರು. ಇಲ್ಲ ಕನ್ರವ್ವ. ಅದು ಪೂರಾ ಸಸ್ಯಾಹಾರಿ ಹೋಟ್ಲು. ಬೆಂಗ್ಳೂರಲ್ಲಿ ಕೆಲಸ ಮಾಡೋ ನಮ್ಮ ಮಗಳು ಕೊರೊನಾ ಕಾಲದಿಂದ ಮೊಬೈಲಲ್ಲಿ ಕೊರಿಯಾ ಧಾರಾವಾಹಿ ನೋಡಿ ನೋಡಿ, ಅವರು ಉಣ್ಣೋದೆಲ್ಲ ಅವಳಿಗೆ ಬಾಯಿಪಾಠ. "ಅವ್ವ, ಅಪ್ಪುನ್ನೂ ಕರ್ಕಂಡು ಒಂದ್ಸಲ ಬಾ" ಅಂತ ಪ್ರಾಣ ತಿಂದ್ಲು. ನಮ್ಮ ಸ್ಟೇಷನ್ನಲ್ಲಿ ರೈಲು ಹತ್ತಿ ಮೈಸೂರು, ಅಲ್ಲಿಂದ ಬೆಂಗ್ಳೂರು ಅಂತ ಹೋದ್ವು.

ಹೋಟ್ಲು ದೊಡ್ಡದೇನಲ್ಲ. ಎಂಟು ಮೇಜು, ಒಂದೊಂದು ಕುರ್ಚಿ ಒಂದೊಂದು ಥರ, ಎಲ್ಲಾ ಹಳೇವು. ಎಣ್ಣೆ ಡಬ್ಬದಲ್ಲಿ ಗಿಡ ಬೆಳೆಸವ್ರೆ. ಕುಡಿಯೋ ನೀರು ಮಣ್ಣಿನ ಗಡಿಗೇಲಿ. ಪ್ಲಾಸ್ಟಿಕ್ ಕೊಳವೆ ಇಲ್ಲ, ಕೈ ಒರೆಸೋ ಪೇಪರ್ ಇಲ್ಲ, ಬಟ್ಟೆ ತುಂಡು ಮಡಗವ್ರೆ. 'ಪರಿಸರಸ್ನೇಹಿ' ಅಂತ ಗೋಡೆ ಮ್ಯಾಲೆ ದೊಡ್ಡದಾಗಿ ಬರೆದವ್ರೆ. ಕೆಳಗೆ ಚಾಪೆ ಹಾಸಿದ ಜಾಗನೂ ಇತ್ತು, ನನ್ನ ಮಂಡಿ ಬ್ಯಾಡ ಅಂತು.

ನಾವು ಉಂಡಿದ್ದು ಬಿಬಿಂಬಾಪ್. 'ಬಾಪ್' ಅಂದ್ರೆ ಅನ್ನ, 'ಬಿಬಿಂ' ಅಂದ್ರೆ ಕಲೆಸಿದ್ದು. ಒಂದು ಬೋಗುಣಿ ಬಿಸಿ ಅನ್ನ, ಅದರ ಮ್ಯಾಲೆ ಸುತ್ತ ಒಂದೊಂದು ಕಡೆ ಬೇಯಿಸಿದ ಸೊಪ್ಪು, ಕ್ಯಾರೆಟ್ಟು, ಮೊಳಕೆ ಕಾಳು, ಅಣಬೆ, ಸೌತೆಕಾಯಿ. ನಡುವೆ ಒಂದು ಚಮಚ ಕೆಂಪು ಕಾರ. ಆ ಕಾರದ ಹೆಸರು ಗೋಚುಜಾಂಗ್. ಮೆಣಸಿನಪುಡಿ, ಅಂಟು ಅಕ್ಕಿ, ಹುದುಗಿಸಿದ ಸೋಯಾ ಕಾಳು, ಉಪ್ಪು ಸೇರಿಸಿ ಮಣ್ಣಿನ ಜಾಡೀಲಿ ತಿಂಗಳುಗಟ್ಟಲೆ ಮಾಗಿಸ್ತಾರಂತೆ. ಮ್ಯಾಲೆ ಹುರಿದ ಎಳ್ಳಿನ ಎಣ್ಣೆ. ಎಲ್ಲಾ ಕಲೆಸ್ಕಂಡು ಉಣ್ಣೋದು. ನಮ್ಮನೆಯವ್ರು ಎರಡು ತುತ್ತು ಉಂಡು, "ಇದೇನಾ, ನಮ್ಮ ಬೆರಕ ಸೊಪ್ಪಿನ ಪಲ್ಯವ ಅನ್ನುಕ್ಕ ಕಲಸ್ಕಂಡಂಗದ" ಅಂದ್ರು. ಕುಡಿಯಕ್ಕೆ ಹುರಿದ ಬಾರ್ಲಿ ನೆನೆಸಿದ ನೀರು ಕೊಟ್ರು, ರಾಗಿ ಹುರಿಯುವಾಗ ಬರ್ತದಲ್ಲ, ಅದೇ ಥರ ವಾಸನೆ. ಜೊತೆಗೆ ಸಣ್ಣ ಸಣ್ಣ ಬಟ್ಟಲಲ್ಲಿ ಕಿಮ್ಚಿ, ಮೂಲಂಗಿ, ಸೊಪ್ಪು. ಅದನ್ನ ಕೇಳಿದಷ್ಟು ಸಲ ಸುಮ್ನೆ ಹಾಕ್ತಾರೆ, ದುಡ್ಡಿಲ್ಲ.

ಒಂದು ಮಾತು ತಿಳ್ಕಳಿ, ನಿಮ್ಮ ಐಕ್ಳು ಕರ್ಕಂಡೋದ್ರೆ ಬೇಕಾಯ್ತದೆ. ಬಿಬಿಂಬಾಪ್ ಮ್ಯಾಲೆ ಬೇರೆ ಕಡೆ ಮೊಟ್ಟೆ, ಮಾಂಸ ಹಾಕ್ತಾರೆ. ಕಿಮ್ಚಿ ಎಲೆಕೋಸಿನ ಉಪ್ಪಿನಕಾಯಿ ಥರ ಕಂಡ್ರೂ ಒಳಗೆ ಮೀನಿನ ರಸ, ಉಪ್ಪು ಹಾಕಿದ ಸೀಗಡಿ ಸೇರಿಸೋದೇ ವಾಡಿಕೆ. ಸಸ್ಯಾಹಾರಿ ಹೋಟ್ಲಲ್ಲಿ ಮಾತ್ರ ಅದಿಲ್ದೆ ಮಾಡ್ತಾರೆ. ಕೇಳಿ ಉಣ್ಣಿ.

ಈಗ ಅಸಲು ವಿಷಯ. ಗೋಡೆ ಮ್ಯಾಲೆ ಇನ್ನೊಂದು ಬೋರ್ಡಿತ್ತು: ಉಂಡ ಪಾತ್ರೆ ನೀವೇ ತಂದು ಕೊಡಿ, ಮಿಕ್ಕಿದ್ದನ್ನ ಬಕೆಟ್ಟಿಗೆ ಹಾಕಿ. ನನ್ನ ಪಾಡಿಗೆ ನಾನು ಮೂರೂ ಬೋಗುಣಿ ಒಂದರ ಮ್ಯಾಲೊಂದು ಜೋಡಿಸ್ತಾ ಇದ್ದೆ, ಕೈ ಅಭ್ಯಾಸ. ಅಷ್ಟೊತ್ತಿಗೆ ನಮ್ಮನೆಯವ್ರು ತಮ್ಮ ಬೋಗುಣಿ ತಾವೇ ಎತ್ಕಂಡು ಎದ್ರು. ಹೋಗಿ, ಮಿಕ್ಕಿದ್ದ ನಾಲ್ಕು ಅಗುಳು ಚಮಚದಲ್ಲಿ ಬಳಿದು ಬಕೆಟ್ಟಿಗೆ ಹಾಕಿ, ಬೋಗುಣಿ ಒಂದು ಕಡೆ, ಚಮಚ ಒಂದು ಕಡೆ ಮಡಗಿ ಬಂದ್ರು. 31 ವರ್ಷದ ಸಂಸಾರದಲ್ಲಿ ಮೊದಲನೇ ಸಲ ನೋಡಿದೆ. ಮಗಳು ನನ್ನ ಮೊಕ ನೋಡಿದ್ಲು, ನಾನು ಅವಳ ಮೊಕ ನೋಡಿದೆ. ಇಬ್ರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ರೆ ಎಲ್ಲಿ ಮತ್ತೆ ಹೋಗಿ ವಾಪಸ್ ತಂದ್ಬುಡ್ತಾರೋ ಅಂತ.

ಅವರಿಗೆ ಯಾರೂ ಭಾಷಣ ಮಾಡಿರ್ಲಿಲ್ಲ. ಪಕ್ಕದ ಮೇಜಿನ ಗಂಡುಡುಗ್ರು ಎದ್ದು ಮಡಗಿದ್ರು, ಇವರೂ ಮಡಗಿದ್ರು. ಅಷ್ಟೇ. ಎಲ್ರೂ ಮಾಡೋ ಕಡೆ ಮರ್ವಾದೆ ಹೋಗಲ್ಲ ಅಂತ ಅವತ್ತು ನನಗೆ ಗೊತ್ತಾಯ್ತು.

ಅಲ್ಲಿಗೇ ಕತೆ ಮುಗಿದಿದ್ರೆ ನಾನೂ ಹೋಟ್ಲು ಹೊಗಳಿ ಸುಮ್ಮನಾಯ್ತಿದ್ದೆ. ಕೈ ತೊಳೆಯಕ್ಕೆ ಹಿಂದಕ್ಕೆ ಹೋದೆ. ಅಲ್ಲಿ ಒಂದು ಕಿರಿದಾದ ಜಾಗದಲ್ಲಿ ಒಬ್ಳು ಹೆಣ್ಮಗಳು ನಿಂತ್ಕಂಡು ಬೋಗುಣಿ ಉಜ್ತಾ ಇದ್ಲು. ಸೀರೆ ಮಂಡಿವರೆಗೂ ನೆಂದಿತ್ತು. ಫೋನಲ್ಲಿ ಯಾರಿಗೋ, "ಬುಡು ಅತ್ಲಾಗ, ಆಮ್ಯಾಕ ಮಾಡ್ತಿನಿ" ಅಂದ್ಲು. ಆ ಮಾತು ಕೇಳಿ ನನ್ನ ಕಿವಿ ನೆಟ್ಟಗಾಯ್ತು.

"ಯಾವೂರವ್ವ ನಿಂದು?" ಅಂದೆ.

"ಹನೂರತ್ರ ಕನಕ್ಕ."

ಬೆಳಗ್ಗೆ ಹತ್ತಕ್ಕೆ ನಿಂತ್ರೆ ರಾತ್ರಿ ಹತ್ತರವರೆಗೂ ತೊಳ್ಯದೇ ಕೆಲಸವಂತೆ. ಬೆರಳ ಸಂದೀಲಿ ಚರ್ಮ ಬೆಳ್ಳಗೆ ಒಡೆದಿತ್ತು. ಮಾದಪ್ಪನ ಬೆಟ್ಟದ ದಾರಿಯೋಳು ಬೆಂಗ್ಳೂರಿಗೆ ಬಂದು, ಕೊರಿಯಾ ಬೋಗುಣಿ ತೊಳೆದು, ಆ ಹೋಟ್ಲು 'ಪರಿಸರಸ್ನೇಹಿ' ಆಗಿತ್ತು. ಬೋರ್ಡ್ ಮ್ಯಾಲೆ ಅವಳ ವಿಚಾರ ಒಂದಕ್ಷರ ಇರ್ಲಿಲ್ಲ.

ಬಿಲ್ಲು ಮೂರು ಜನಕ್ಕೆ ಸಾವಿರದ ಏಳುನೂರು ಆಯ್ತು. ಅದರ ಮ್ಯಾಲೆ ನನಗೆ ಅಷ್ಟು ಸಿಟ್ಟಿಲ್ಲ, ತಿನ್ನೋ ಆಸೆ ಇದ್ದೋರು ಕೊಡ್ಲಿ. ಗೋಚುಜಾಂಗ್ ಬರೋದು ಪ್ಲಾಸ್ಟಿಕ್ ಡಬ್ಬೀಲಿ, ಹಡಗು ಹತ್ತಿ, ಅದೂ ಇರ್ಲಿ. ಹನೂರಿನ ಆ ಕೈ ಮಾತ್ರ ನನ್ನ ಮನಸಿನಿಂದ ಹೋಗ್ಲಿಲ್ಲ.

ರಾತ್ರಿ ಮಗಳಿಗೆ ಹೇಳ್ದೆ. ಅವಳು ಮೊಬೈಲಲ್ಲಿ ಒಬ್ರು ಸನ್ಯಾಸಿನಿ ವಿಡಿಯೋ ತೋರಿಸಿದ್ಲು. ಜೋಂಗ್ ಕ್ವಾನ್ ಅಂತ ಅವರ ಹೆಸರು, ಕೊರಿಯಾದ ಬೆಕ್ಯಾಂಗ್‌ಸಾ ಅನ್ನೋ ಬೌದ್ಧ ದೇವಸ್ಥಾನಕ್ಕೆ ಸೇರಿದೋರು. 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅವರ ಮ್ಯಾಲೆ ಒಂದು ಕಂತು ಬಂದ ಮ್ಯಾಲೆ ಲೋಕಕ್ಕೆಲ್ಲ ಗೊತ್ತಾದ್ರಂತೆ. ಅಲ್ಲಿನ ದೇವಸ್ಥಾನದ ಅಡುಗೇಲಿ ಮೀನಿಲ್ಲ, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳೀನೂ ಇಲ್ಲ. ರಾಜಧಾನಿ ಸೋಲ್‌ನಲ್ಲಿ ಅದೇ ಅಡುಗೆಯ ಬಾಲು ಗೊಂಗ್ಯಾಂಗ್ ಅನ್ನೋ ಹೋಟ್ಲಿಗೆ ದೊಡ್ಡ ದೊಡ್ಡ ಹೋಟ್ಲಿಗೆ ಕೊಡೋ ಮಿಶೆಲಿನ್ ನಕ್ಷತ್ರನೂ ಸಿಕ್ಕಿತ್ತು.

ಅದಲ್ಲ ನಾನು ಹೇಳೋದು. ಆ ದೇವಸ್ಥಾನಗಳಲ್ಲಿ ಉಣ್ಣೋ ಕ್ರಮ ಒಂದದೆ. ಒಬ್ಬೊಬ್ರಿಗೂ ಒಂದರೊಳಗೊಂದು ಕೂರೋ ನಾಲ್ಕು ಮರದ ಬಟ್ಟಲು. ಬೇಕಾದಷ್ಟೇ ಬಡಿಸ್ಕಳೋದು. ಉಣ್ಣುವಾಗ ಒಂದು ಚೂರು ಕಿಮ್ಚಿನೋ ಮೂಲಂಗಿನೋ ಉಳಿಸ್ಕಳೋದು. ಕೊನೇಲಿ ಬಟ್ಟಲಿಗೆ ನೀರು ಹಾಕಿ, ಆ ಚೂರಿಂದ ಸುತ್ತ ಒರೆಸಿ, ಚೂರು ತಿಂದು, ನೀರು ಕುಡಿದ್ಬುಡೋದು. ಆಮ್ಯಾಲೆ ಇನ್ನೊಂದು ಸಲ ತಿಳಿನೀರಲ್ಲಿ ತೊಳೆದು ಅದನ್ನ ಎಲ್ರದ್ದೂ ಒಂದು ಪಾತ್ರೆಗೆ ಸುರಿಯೋದು. ಆ ನೀರಲ್ಲಿ ಒಂದು ಅಗುಳೂ ಇರಬಾರದು. ಯಾಕಂದ್ರೆ ಆ ನೀರು ಹಸಿದ ಪ್ರೇತಗಳಿಗೆ ಅಂತ ಬಿಡೋದು, ಅವುಗಳ ಗಂಟಲು ಸೂಜಿಯಷ್ಟು ಸಣ್ಣ, ಅಗುಳಿದ್ರೆ ಸಿಕ್ಕಾಕಂಡು ನರಳ್ತವೆ ಅಂತ ನಂಬಿಕೆ. ದೊಡ್ಡ ಗುರು ಆದ್ರೂ ಸರಿ, ನೆನ್ನೆ ಸೇರಿದ ಹುಡುಗ ಆದ್ರೂ ಸರಿ, ಅವರವರ ಬಟ್ಟಲು ಅವರವರೇ.

ವಿಡಿಯೋ ನೋಡ್ತಾ ನೋಡ್ತಾ ನನಗೆ ನಮ್ಮಪ್ಪ ಕಣ್ಮುಂದೆ ಬಂದ್ರು.

ನಮ್ಮ ಜನದ ಹಿರೀಕರು ಎಷ್ಟೋ ಜನ ಹಂಗೇ ಮಾಡ್ತಿದ್ರು, ನಿಮಗೂ ನೆನಪಿರ್ತದೆ. ನಮ್ಮಪ್ಪ ಉಂಡಾದ ಮ್ಯಾಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ಸುತ್ತ ತೊಳೆದು, ಆ ನೀರು ಕುಡೀತಿದ್ರು. ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ, ಪ್ರಸಾದ ಎಂಜಲಲ್ಲ, ಚೆಲ್ಲಬಾರದು ಅಂತ. ಆಮ್ಯಾಲೆ ಬಟ್ಟೇಲಿ ಒರೆಸಿ ತಟ್ಟೆ ನಿಲ್ಲಿಸೋರು. ನಮ್ಮವ್ವನಿಗೆ ಅಪ್ಪನ ತಟ್ಟೆ ತೊಳೆಯೋ ಕೆಲಸ ಅಂತ ಇರ್ತಾನೇ ಇರ್ಲಿಲ್ಲ.

ಅದನ್ನ ನಿಲ್ಲಿಸಿದ್ದು ನಾನೇ ಕನ್ರವ್ವ. ನಾನು ಚಾಮರಾಜನಗರದಲ್ಲಿ ಪಿಯುಸಿ ಓದುವಾಗ ಗೆಳತೀರು ಮನೆಗೆ ಬಂದಿದ್ರು. ಅಪ್ಪ ಹಂಗೆ ತಟ್ಟೆ ತೊಳೆದು ಕುಡಿದಾಗ ಒಬ್ಳು ಮೊಕ ಸಿಂಡರಿಸಿದ್ಲು. ನನಗೆ ನೆಲ ಬಾಯ್ಬಿಡಬಾರದಾ ಅನ್ನಿಸ್ತು. ಆಮ್ಯಾಲೆ ನನ್ನ ಮದುವೇಲಿ, "ಅಪ್ಪ, ಬೀಗ್ರು ಮುಂದ ಹಂಗ ಮಾಡ್ಬ್ಯಾಡ" ಅಂತ ಹೇಳ್ದೆ. ಅಪ್ಪ ಏನೂ ಅನ್ನಲಿಲ್ಲ. ಅವತ್ತು ತಟ್ಟೆ ಹಂಗೇ ಬಿಟ್ಟು ಎದ್ರು. ಆಮ್ಯಾಲೆ ನಮ್ಮನೆಗೆ ಬಂದಾಗೆಲ್ಲ ಹಂಗೇ ಬಿಟ್ಟು ಏಳ್ತಿದ್ರು. ಅವರ ತಟ್ಟೆ ನಾನು ತೊಳೀತಿದ್ದೆ. ಅಪ್ಪ ಹೋಗಿ 14 ವರ್ಷ ಆಯ್ತು. ಅದೇ ಕೆಲಸ ಪರದೇಶದ ಸನ್ಯಾಸಿನಿ ಮಾಡಿದಾಗ ನಾನು ಕೈ ಮುಗಿದೆ. ನನ್ನ ಬುದ್ಧಿಗೆ ಏನ್ ಹೇಳ್ಲಿ?

ಇಷ್ಟು ಓದಿ ನಮ್ಮ ಗಂಡಸ್ರು ಖುಷಿ ಆಗ್ಬುಡ್ತಾರೆ. ಅವರ ಕಡೆಯಿಂದ ವಾಟ್ಸಾಪಲ್ಲಿ ಒಂದು ಮೆಸೇಜು ತಿಂಗಳಿಗೊಂದು ಸಲ ಬತ್ತದೆ: ನಮ್ಮ ಪೂರ್ವಜರೇ ಪರಿಸರಸ್ನೇಹಿಗಳು, ಮುತ್ತುಗದ ಎಲೆ, ಬಾಳೆ ಎಲೆ, ಬೂದಿ, ಸೀಗೆಕಾಯಿ, ಆಹಾ, ಈಗಿನ ಹೆಂಗಸ್ರು ಸೋಮಾರಿಗಳಾಗಿ ಪ್ಲಾಸ್ಟಿಕ್ ತಂದ್ರು. ಈ ಮೆಸೇಜು ಕಳಿಸೋರಿಗೆ ನನ್ನ ಉತ್ತರ ಅದೆ.

ಮುತ್ತುಗದ ಎಲೆ ಹಚ್ಚಿದ್ದು ಯಾರು? ಬೇಸಿಗೇಲಿ ಎಲೆ ಕಿತ್ತು, ಒಣಗಿಸಿ, ಕಡ್ಡಿ ಚುಚ್ಚಿ, ಕಲ್ಲು ಹೇರಿ ಮಡಗಿದ್ದು ನಮ್ಮಜ್ಜಿ, ನಮ್ಮವ್ವ. ಬೂದಿ ಹಾಕಿ ಹಂಡೆ ಉಜ್ಜಿದ್ದು ಯಾರು? ಪಂಕ್ತಿ ಎದ್ದ ಮ್ಯಾಲೆ ಎಂಜಲೆಲೆ ಎತ್ತಿದ್ದು ಯಾರು? ಒಂದೋ ಮನೆ ಸೊಸೆ, ಇಲ್ಲಾ ಕೇರಿಯಿಂದ ಕರೆಸಿದ ಹೆಣ್ಣಾಳು. ಆ ಹೆಣ್ಣಾಳನ್ನ ಎಲೆ ಎತ್ತಕ್ಕೆ ಕರೀತಿದ್ರೇ ಹೊರತು ಪಂಕ್ತೀಲಿ ಕೂರಿಸ್ತಿರ್ಲಿಲ್ಲ. ಅದನ್ನ ಪರಿಸರಸ್ನೇಹಿ ಅನ್ನಕ್ಕೆ ನನ್ನ ನಾಲಿಗೆ ಏಳಲ್ಲ. ಕಾಯಕ, ದಾಸೋಹ ಅಂತ ಹೇಳ್ಕಳೋ ಜನ ನಾವು.

ಪ್ಲಾಸ್ಟಿಕ್ ನಮ್ಮನೆ ಒಳಕ್ಕೆ ಹೆಂಗೆ ಬಂತು ಅಂತ ನನ್ನನ್ನ ಕೇಳಿ, ನಾನೇ ಬಾಗಿಲು ತೆಗೆದೋಳು. 2009ರಲ್ಲಿ ನಮ್ಮ ಹೊಸ ಮನೆ ಒಕ್ಕಲಾದಾಗ ಸ್ಟೀಲ್ ತಟ್ಟೆ ತರಿಸಿದ್ರು. ಇನ್ನೂರಕ್ಕೆ ಮ್ಯಾಲೆ ಜನ. ರಾತ್ರಿ ಗಂಡಸ್ರೆಲ್ಲ ಎಲೆ ಅಡಿಕೆ ಹಾಕ್ಕಂಡು ಜಗುಲಿ ಮ್ಯಾಲೆ ಮಾತಿಗೆ ಕುಂತ್ರು. ನಾನು, ನನ್ನ ಓರಗಿತ್ತಿ, ನಮ್ಮತ್ತೆ ಮೂರೇ ಜನ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಂತು ಒಂದೂವರೆ ಗಂಟೆ ರಾತ್ರಿವರೆಗೂ ಉಜ್ಜಿದ್ವು. ಓರಗಿತ್ತಿ ಆಗ ಆರು ತಿಂಗಳ ಬಸುರಿ. ಬೆಳಗ್ಗೆ ಎದ್ದಾಗ ನಮ್ಮತ್ತೆಗೆ ಸೊಂಟ ನೆಟ್ಟಗಾಗ್ಲಿಲ್ಲ. ಅದಾದ ಮ್ಯಾಲೆ ಬಂದ ಮೊದಲನೇ ಪರಕ್ಕೆ "ಬಿಸಾಕೋ ತಟ್ಟ ತನ್ನಿ" ಅಂತ ಬಾಯ್ಬಿಟ್ಟು ಕೇಳಿದೋಳು ನಾನೇ. ಅವತ್ತು ರಾತ್ರಿ ಹತ್ತಕ್ಕೆ ಮಲಗಿದೆ. ಆ ನಿದ್ದೆ ಎಷ್ಟು ಚೆನ್ನಾಗಿತ್ತು ಅಂತ ಇವತ್ತಿಗೂ ನೆನಪದೆ. ಅದನ್ನ ಸೋಮಾರಿತನ ಅನ್ನೋರು ಬಂದು ಒಂದು ರಾತ್ರಿ ಇನ್ನೂರು ತಟ್ಟೆ ಉಜ್ಜಿ ಆಮ್ಯಾಲೆ ಮಾತಾಡಲಿ.

ಹಂಗಾದ್ರೆ ಈಗ್ಯಾಕೆ ಬ್ಯಾಡ ಅಂತೀಯ ಅಂತೀರ. ಹೇಳ್ತೀನಿ. ಆ ತಟ್ಟೆಗಳೆಲ್ಲ ತಿಪ್ಪೆಗೆ ಹೋದ್ವು. ಗೊಬ್ಬರದ ಜೊತೆ ಹೊಲಕ್ಕೆ ಹೋದ್ವು. ಅರಿಸಿನ ಕೀಳುವಾಗ ಗೆಡ್ಡೆ ಜೊತೆ ಒಂದು ತಟ್ಟೆ ಮ್ಯಾಲೆ ಬಂತು. ಪೇಪರೆಲ್ಲ ಕರಗಿ ಹೋಗಿದೆ, ಮ್ಯಾಲಿನ ಬೆಳ್ಳಿ ಹಾಳೆ ಮಾತ್ರ ಮೊನ್ನೆ ತಂದಂಗೆ ಫಳಫಳ ಅಂತದೆ. ಅದರ ಅಂಚಿನ ಹೂವಿನ ಚಿತ್ರ ನೋಡಿ ಯಾವ ವರ್ಷದ ಪರದ ತಟ್ಟೆ ಅಂತ ಗುರುತು ಹಿಡಿದೆ. ಪೇಪರ್ ತಟ್ಟೆ ಅಂತ ಹೆಸರು, ಒಳಗಿರೋದು ಪ್ಲಾಸ್ಟಿಕ್ಕೇ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧ ಮಾಡಿದ್ರು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಂದ್ಸಲ ಬಳಸಿ ಬಿಸಾಕೋ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮಾಡಂಗೂ ಇಲ್ಲ, ಮಾರಂಗೂ ಇಲ್ಲ ಅಂದ್ರು. ಆದ್ರೂ ಸಂತೇಲಿ ಕೇಳಿದ್ರೆ ಸಿಗ್ತದೆ. ಯಾಕೆ ಸಿಗ್ತದೆ? ತಟ್ಟೆ ಯಾರು ತೊಳೀಬೇಕು ಅನ್ನೋದನ್ನ ಯಾವ ಕಾಯ್ದೆನೂ ಹೇಳಿಲ್ಲ, ಅದಕ್ಕೇ ಸಿಗ್ತದೆ.

ಇದು ನಮ್ಮೂರ ಕತೆ ಮಾತ್ರ ಅಲ್ಲ. ಕೊರಿಯಾ ಅಂದ್ರೆ ಎಲ್ಲಾ ಸರಿ ಇರೋ ದೇಶ ಅಂತ ನಮ್ಮ ಐಕ್ಳು ತಿಳ್ಕಂಡವ್ರೆ, ಅಲ್ಲೂ ಇದೇ ಪಾಡು. ಮಿಕ್ಕಿದ ಊಟ ಸುಮ್ನೆ ಬಿಸಾಕಂಗಿಲ್ಲ ಅಲ್ಲಿ. 2005ರಿಂದ ಅದನ್ನ ಗುಂಡಿಗೆ ಹಾಕಿ ಮುಚ್ಚೋದು ನಿಷೇಧ, 2013ರಿಂದ ಎಷ್ಟು ಬಿಸಾಕ್ತೀಯೋ ಅಷ್ಟಕ್ಕೆ ದುಡ್ಡು. ಎಷ್ಟೋ ಅಪಾರ್ಟ್‌ಮೆಂಟಲ್ಲಿ ಬಕೆಟ್ಟೇ ತೂಕ ಮಾಡಿ ಲೆಕ್ಕ ಬರ್ಕತ್ತದೆ. ಅಷ್ಟು ಬಿಗಿ ಇರೋ ದೇಶ. ಅಂಥ ದೇಶನೇ ಹೋಟ್ಲಲ್ಲಿ ಕೂತು ಕುಡಿಯೋರಿಗೆ ಪೇಪರ್ ಲೋಟ ಕೊಡಬಾರದು ಅಂತ ಮಾಡಿದ್ದ ನಿಯಮನ 2023ರ ನವೆಂಬರಲ್ಲಿ ಕೈಬಿಡ್ತು. ಸಣ್ಣ ಅಂಗಡಿಯೋರು ಲೋಟ ತೊಳೆಯಕ್ಕೆ ಆಳಿಲ್ಲ, ಮಿಷನ್ ತರಕ್ಕೆ ಶಕ್ತಿ ಇಲ್ಲ ಅಂದ್ರು. ನೋಡಿದ್ರಾ? ಅಷ್ಟು ದೊಡ್ಡ ಸರ್ಕಾರನೂ ಬಚ್ಚಲ ಹತ್ರ ಬಂದು ನಿಂತ್ಕಂತು.

ಅಲ್ಲಿ ಸೊಸೇರ ಪಾಡೂ ನಮ್ಮಂಗೇ. ದೊಡ್ಡ ಹಬ್ಬ ಬಂತು ಅಂದ್ರೆ ಅಡುಗೆ ಮಾಡಿ, ಪಾತ್ರೆ ತೊಳೆದು ಸುಸ್ತಾಗಿ ಬೀಳೋದಕ್ಕೆ 'ಹಬ್ಬದ ಕಾಯಿಲೆ' ಅಂತಲೇ ಅವರ ಭಾಷೇಲಿ ಮಾತದೆ. ನಮ್ಮ ಪಿತೃಪಕ್ಷದ ಎಡೆ ಥರ ಅವರೂ ಹಿರೀಕರಿಗೆ ಎಡೆ ಮಡಗ್ತಾರೆ. 2022ರಲ್ಲಿ ಅಲ್ಲಿನ ಸಂಪ್ರದಾಯ ಕಾಯೋ ದೊಡ್ಡ ಸಂಸ್ಥೆ ಸುಂಗ್‌ಕ್ಯುನ್‌ಗ್ವಾನ್ ತಾನೇ ಮುಂದೆ ಬಂದು, ಎಡೆಗೆ ಎಣ್ಣೇಲಿ ಬೇಯಿಸಿದ ತಿಂಡಿ ಮಾಡಲೇಬೇಕು ಅಂತಿಲ್ಲ, ಹೆಚ್ಚಂದ್ರೆ ಒಂಬತ್ತು ಬಗೆ ಮಡಗಿದ್ರೆ ಸಾಕು ಅಂತ ಹೇಳ್ತು. ಸಂಪ್ರದಾಯ ಕಾಯೋರೇ ಸೊಸೇರ ಬೆನ್ನು ನೋವು ನೋಡಿದ್ರು ಅಂದ ಮ್ಯಾಲೆ, ನಮ್ಮ ದೊಡ್ಡ ಮಾವ್ನೋರು ಯಾಕೆ ನೋಡಬಾರದು?

ಈಗ ಜಗುಲಿ ಮ್ಯಾಲೆ ಎದ್ದ ಮಾತುಗಳಿಗೆ ಒಂದೊಂದಾಗಿ ಬತ್ತೀನಿ.

ನೆಂಟರ ಮರ್ವಾದೆ ಅಂದ್ರು. ನಮ್ಮ ನೆಂಟರಲ್ಲಿ ಸುತ್ತೂರು, ಸಿದ್ಧಗಂಗೆ ಅಂತ ಮಠದ ಹಾಸ್ಟೆಲ್ಲಲ್ಲಿ ಓದಿದ ಗಂಡಸ್ರು ಎಷ್ಟು ಜನ ಅವ್ರೆ ಎಣಿಸಿ. ನಮ್ಮನೆಯವ್ರೂ ಹಾಸ್ಟೆಲ್ಲಲ್ಲಿ ಐದು ವರ್ಷ ಇದ್ದೋರೇ. ಅಲ್ಲಿ ದಿನಕ್ಕೆ ಮೂರು ಹೊತ್ತು ಅವರ ತಟ್ಟೆ ಅವರೇ ತೊಳೆದವ್ರೆ. ಅಲ್ಲಿ ಹೋಗದ ಮರ್ವಾದೆ ಹೆಂಡ್ತಿ ಬಂದ ಮ್ಯಾಲೆ ಹೆಂಗೆ ಹೋಯ್ತದೆ? ನಮ್ಮೂರ ಸ್ಕೂಲಲ್ಲಿ ಬಿಸಿಯೂಟ ಉಂಡ ಐಕ್ಳು, ಗಂಡೈಕ್ಳು ಹೆಣ್ಣೈಕ್ಳು ಎಲ್ಲಾ, ನಲ್ಲಿ ಹತ್ರ ಸಾಲಾಗಿ ನಿಂತು ತಟ್ಟೆ ತೊಳೀತವೆ. ಆರು ವರ್ಷದ ಕೂಸಿಗೆ ಬರೋ ಕೆಲಸ ಅರವತ್ತು ವರ್ಷದೋರಿಗೆ ಬರಲ್ವಾ? ಮಂಡಿ ನೋವಿರೋರು, ವಯಸ್ಸಾದೋರು, ಬಸುರಿ, ಬಾಣಂತಿ ಬಿಡಿ, ಅವರ ತಟ್ಟೆ ನಾವು ತೊಳೆಯೋಣ. ಉಳಿದೋರಿಗೆ ಏನು ಕಷ್ಟ?

ನೀರು ಜಾಸ್ತಿ ಹೋಯ್ತದೆ ಅಂದ್ರು. ಬೋರ್ ನೀರಿನ ಬೆಲೆ ನನಗೂ ಗೊತ್ತು. ನಲ್ಲಿ ಬಿಟ್ಕಂಡು ತೊಳೆದ್ರೆ ಹೋಯ್ತದೆ. ಮೂರು ಬೇಸಿನ್ ಮಡಗಿದ್ರೆ ಹೋಗಲ್ಲ. ಮೊದಲನೇದ್ರಲ್ಲಿ ಎಂಜಲು ಬಿಡಿಸೋದು, ಎರಡನೇದ್ರಲ್ಲಿ ಸೋಪಿನ ನೀರು, ಮೂರನೇದ್ರಲ್ಲಿ ತಿಳಿನೀರು. ತಟ್ಟೇಲಿ ಅನ್ನ ಮಿಗಿಸದೆ ಉಂಡೋರದು ಎರಡು ನಿಮಿಷ ಹಿಡಿಯಲ್ಲ. ಮೊದಲನೇ ಬೇಸಿನ್ ನೀರು ಬಾಳೆ ಬುಡಕ್ಕೆ. ನಮ್ಮಪ್ಪನ ಥರ ತಟ್ಟೇಲೇ ತೊಳೆದು ಕುಡಿಯೋರು ಕುಡೀಲಿ, ಅವರನ್ನ ನೋಡಿ ಈ ಸಲ ಯಾರೂ ಮೊಕ ಸಿಂಡರಿಸಬಾರದು.

ಬಾಳೆ ಎಲೆ ಅದೆಯಲ್ಲ, ಅದಕ್ಕೆ ತೊಳೆಯೋ ರಗಳೆನೇ ಇಲ್ಲ ಅಂದ್ಲು ನನ್ನ ನಾದಿನಿ. ನಿಜ. ಎಲೆ ಇದ್ದೋರು ಎಲೇನೇ ಹಾಕಿ, ದನ ತಿಂತವೆ. ನಮ್ಮ ಹಿತ್ತಲಲ್ಲಿ ಎಂಟೇ ಬುಡ ಇರೋದು, 300 ಎಲೆ ಕೊಳ್ಳಕ್ಕೆ ಕಾರ್ತೀಕದಲ್ಲಿ ರೇಟು ಕೇಳಂಗಿಲ್ಲ. ಆದ್ರೆ ಎಲೆ ಹಾಕಿದ್ರೂ ನನ್ನ ಮಾತು ಅದೇ: ಉಂಡೋರು ಅವರವರ ಎಲೆ ಮಡಚಿ ಎತ್ಕಂಡೋಗಿ ಅವರೇ ಹಾಕ್ಲಿ. ನನ್ನ ಎಂಜಲು ಇನ್ನೊಬ್ರು ಯಾಕೆ ಎತ್ತಬೇಕು?

ಕೊನೇದು, ಹೆಂಗಸ್ರೇ ಹೇಳಿದ ಮಾತು. "ಅಯ್ಯೋ ಬುಡಕ್ಕ, ಗಂಡಸ್ರು ತೊಳ್ದದ್ದ ನಾವು ಮತ್ತ ತೊಳೀಬೇಕು, ಜಿಡ್ಡು ಹಂಗೇ ಇರ್ತದ." ಇದು ನಮ್ಮ ಕಡೆ ತಪ್ಪು. ಜಿಡ್ಡಿದ್ರೆ ವಾಪಸ್ ಕೊಟ್ಟು ಇನ್ನೊಂದ್ಸಲ ತೊಳ್ಸಿ. ಮುದ್ದೆ ತಿರುವೋದು ನಮಗೆ ಹುಟ್ಟುತ್ತಲೇ ಬಂದಿತ್ತಾ? ಗಂಟು ಕಟ್ಟಿದಾಗೆಲ್ಲ ಅತ್ತೆ ಕೈಲಿ ಬೈಸ್ಕಂಡು ಕಲಿತ್ವು. ಅವರೂ ಕಲೀಲಿ. ನಾವೇ ಕೈಯಿಂದ ಕಿತ್ಕಂಡು ತೊಳೆದ್ಬುಟ್ರೆ, ನಾಳೆ ನಮ್ಮ ಸೊಸೆ, ನಮ್ಮ ಮಗಳು ಅದೇ ಕಲ್ಲಿನ ಮ್ಯಾಲೆ ಕುಕ್ಕರಗಾಲಲ್ಲಿ ಕೂರಬೇಕಾಯ್ತದೆ. ಕೂರಲ್ಲ ಅನ್ನೋರು ಬಿಸಾಕೋ ತಟ್ಟೆ ತರ್ತಾರೆ. ಅವರನ್ನ ಬಯ್ಯೋ ಹಕ್ಕು ನಮಗಿರಲ್ಲ.

ಬೆಂಗ್ಳೂರಿಂದ ಬಂದ ಮ್ಯಾಲೆ ನಮ್ಮನೆಯವ್ರು ಮನೇಲಿ ತಟ್ಟೆ ಎತ್ತಿದ್ರಾ ಅಂತ ಕೇಳ್ತೀರ. ಮೊದಲನೇ ವಾರ ಇಲ್ಲ. ಹೋಟ್ಲೇ ಬ್ಯಾರೆ, ಮನೇನೇ ಬ್ಯಾರೆ ಅಂತ ಕುಂತಿದ್ರು. ನಾನು ಹನೂರಿನ ಹೆಣ್ಮಗಳ ಕೈ ವಿಚಾರ ಹೇಳ್ದೆ, ಅಪ್ಪನ ವಿಚಾರನೂ ಹೇಳ್ದೆ. ಆಮ್ಯಾಲೆ ಒಂದು ರಾತ್ರಿ ಬಚ್ಚಲಲ್ಲಿ ತಟ್ಟೆ ಸದ್ದು ಕೇಳ್ತು. ಬೆಕ್ಕೇನೋ ಅಂತ ಎದ್ದು ನೋಡಿದ್ರೆ ಅವರು. ಈಗ ರಾತ್ರಿ ಊಟದ್ದು ಮಾತ್ರ ತೊಳೀತಾರೆ, ಮಧ್ಯಾಹ್ನದ್ದು ಇನ್ನೂ ನನ್ನ ಪಾಲಿಗೇ ಅದೆ. ಬೀದಿ ಬಾಗಿಲು ಹಾಕಿರ್ಬೇಕು, ಅದೊಂದು ಷರತ್ತು. ಇದನ್ನ ಬರೆದಿದ್ದಕ್ಕೆ ಬೈಸ್ಕತ್ತೀನಿ, ಪರವಾಗಿಲ್ಲ.

ಪರ ನಡೆಯೋದು ಕಾರ್ತೀಕದ ಮೂರನೇ ಸೋಮವಾರ. ಮಜ್ಜಿಗೆ ಹುಳಿ, ಹುರುಳಿಕಾಯಿ ಪಲ್ಯ, ಕಡ್ಲೆಬೇಳೆ ಪಾಯಸ. ಕುಡಿಯೋ ನೀರು ಕೊಳಗದಲ್ಲಿ, ಸ್ಟೀಲ್ ಲೋಟದಲ್ಲಿ. ತಟ್ಟೆ ಹೇಳಾಗದೆ, ಮುಂಗಡ ಕೊಟ್ಟಾಗದೆ, ನನ್ನ ಹಾಲಿನ ದುಡ್ಡು. ಹಿತ್ತಲ ಬಾಳೆ ಹತ್ರ ಬೇಸಿನ್ ಸಾಲು ಮಡಗ್ತೀವಿ, ಕುಕ್ಕರಗಾಲಲ್ಲಿ ಕೂರಂಗಿಲ್ಲ, ನಿಂತೇ ತೊಳೆಯಂಗೆ ಬೆಂಚು ಹಾಕಿಸ್ತೀನಿ. ಮೊದಲನೇ ಪಂಕ್ತಿ ಎದ್ದಾಗ ಮೊದಲನೇ ತಟ್ಟೆ ತೊಳೆಯೋದು ನಮ್ಮನೆಯವ್ರು. ಒಪ್ಕಂಡವ್ರೆ. ಬಾಯಿ ತುಂಬ ಒಪ್ಲಿಲ್ಲ, ಆದ್ರೆ ಇಲ್ಲ ಅನ್ನಲಿಲ್ಲ.

ದೊಡ್ಡ ಮಾವ್ನೋರನ್ನ ಕರೆಯಕ್ಕೆ ನಾನೇ ಹೋಯ್ತೀನಿ. ಅವರಿಗೆ ಎಪ್ಪತ್ತೆಂಟು ವರ್ಷ, ಅವರ ತಟ್ಟೆ ನಾನೇ ತೊಳೀತೀನಿ, ಅದರಲ್ಲಿ ನನಗೆ ಬೇಜಾರಿಲ್ಲ. ಅವರ ಮೂರು ಜನ ಗಂಡುಮಕ್ಕಳದ್ದು ಮಾತ್ರ ತೊಳೆಯಲ್ಲ.

ನೀವೆಲ್ಲ ಬನ್ನಿ. ನಿಮ್ಮನೆ ಗಂಡಸ್ರನ್ನೂ ಕರ್ಕಂಡು ಬನ್ನಿ. ಬರೋಕೆ ಮುಂಚೆ ಈ ಬರಹ ಅವರಿಗೂ ಓದಿ ಹೇಳಿ, ಬಂದ ಮ್ಯಾಲೆ ಗೊತ್ತಿರ್ಲಿಲ್ಲ ಅನ್ನಬಾರದು.